ಹೆಪ್ಪುಗಟ್ಟಿದ ನೆಲ ಕರಗಿದಾಗ

ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಸುತ್ತಲಿನ ಕೆಲವು ಕೆರೆಗಳು ಚಳಿಗಾಲದ ಆರಂಭದಲ್ಲಿ ಗಡ್ಡೆಕಟ್ಟಿದಾಗ, ತಿಳಿಯಾದ ಮಂಜುಗಡ್ಡೆಯೊಳಗೆ ಬಿಳಿ ಗುಳ್ಳೆಗಳು ಒಂದರ ಕೆಳಗೊಂದು ಪೇರಿಸಿದಂತೆ ಕಾಣುತ್ತವೆ. ತೂತು ಕೊರೆದು ಬೆಂಕಿ ಹಿಡಿದರೆ ಭಗ್ಗನೆ ಜ್ವಾಲೆ ಏಳುತ್ತದೆ. ಅದು ಮೀಥೇನ್. ಇಂಥ ಕೆರೆಗಳನ್ನು ವರ್ಷಗಟ್ಟಲೆ ಅಳೆದ ವಿಜ್ಞಾನಿ ಕೇಟಿ ವಾಲ್ಟರ್ ಆಂಥೋನಿ, ಸೈಬೀರಿಯಾದ ಕೆರೆಗಳಿಂದ ಏಳುವ ಅನಿಲದಲ್ಲಿ ಹತ್ತಾರು ಸಾವಿರ ವರ್ಷ ಹಳೆಯ ಇಂಗಾಲವಿರುವುದನ್ನು 2006ರಲ್ಲಿ ತೋರಿಸಿದರು.

ಅಷ್ಟು ಹಳೆಯ ಇಂಗಾಲ ಉಳಿದಿದ್ದೇ ಚಳಿಯಿಂದ. ಸತತ ಎರಡು ವರ್ಷವಾದರೂ ಸೊನ್ನೆ ಡಿಗ್ರಿ ದಾಟದ ನೆಲವನ್ನು ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಬೇಸಿಗೆಯಲ್ಲಿ ಅದರ ಮೇಲಿರುವ ಮಣ್ಣಿನ ಪದರ ಮಾತ್ರ ಕರಗಿ ಮತ್ತೆ ಗಟ್ಟಿಯಾಗುತ್ತದೆ. ಅದರಡಿ ಬೇರು, ಹುಲ್ಲು, ಪ್ರಾಣಿಗಳ ಅವಶೇಷ ಪೂರ್ತಿ ಕೊಳೆಯುವ ಮೊದಲೇ ಹೆಪ್ಪುಗಟ್ಟಿವೆ. ಉತ್ತರ ಗೋಳಾರ್ಧದ ಇಂಥ ಪ್ರದೇಶಗಳ ಮಣ್ಣಿನಲ್ಲಿ ಸುಮಾರು 1.5 ಲಕ್ಷ ಕೋಟಿ ಟನ್ ಇಂಗಾಲವಿದೆ. ವಾತಾವರಣದಲ್ಲಿ ಇರುವುದರ ಹೆಚ್ಚುಕಡಿಮೆ ಎರಡರಷ್ಟು.

ನೆಲ ಕರಗಿದೊಡನೆ ಸೂಕ್ಷ್ಮಜೀವಿಗಳು ಕೆಲಸ ಶುರುಮಾಡುತ್ತವೆ. ಮುಂದೆ ಯಾವ ಅನಿಲ ಹೊರಡುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ನೀರು. ನೀರು ಬಸಿದುಹೋಗಿ ಗಾಳಿಯಾಡಿದರೆ ಹೊರಡುವುದು ಬಹುಪಾಲು ಕಾರ್ಬನ್ ಡೈಆಕ್ಸೈಡ್. ನೀರು ನಿಂತು ಆಮ್ಲಜನಕ ಸಿಗದಿದ್ದರೆ ಮೀಥೇನ್ ಕೂಡ ಹುಟ್ಟುತ್ತದೆ. ನೀರು ನಿಲ್ಲಿಸಿದ ನಮ್ಮ ಭತ್ತದ ಗದ್ದೆಗಳಲ್ಲಿ ನಡೆಯುವುದೂ ಇದೇ. ನೂರು ವರ್ಷದ ಲೆಕ್ಕದಲ್ಲಿ, ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿಗಿಂತ ಮೀಥೇನ್ ಭೂಮಿಯನ್ನು ಸುಮಾರು 27 ಪಟ್ಟು ಹೆಚ್ಚು ಬಿಸಿಮಾಡುತ್ತದೆ. ಹುಟ್ಟಿದ್ದೆಲ್ಲ ಮೇಲೆ ಬರುವುದಿಲ್ಲ ಎಂಬುದೂ ಗಮನಿಸಬೇಕಾದ ಸಂಗತಿ. ಮೇಲಿನ ಒಣಮಣ್ಣಿನ ಬ್ಯಾಕ್ಟೀರಿಯಾಗಳು ದಾರಿಯಲ್ಲೇ ಒಂದಷ್ಟನ್ನು ತಿಂದುಬಿಡುತ್ತವೆ. ಜೌಗುಹುಲ್ಲಿನ ಟೊಳ್ಳು ಕಾಂಡಗಳ ಮೂಲಕವೋ ಗುಳ್ಳೆಗಳಾಗಿಯೋ ಏಳುವ ಅನಿಲ ಮಾತ್ರ ಅವುಗಳ ಕೈಗೆ ಸಿಗುವುದಿಲ್ಲ.

ಕರಗುವ ರೀತಿಯೂ ಒಂದೇ ಅಲ್ಲ. ಹೆಚ್ಚಿನ ಕಡೆ ಕರಗುವ ಪದರ ನಿಧಾನವಾಗಿ ಆಳಕ್ಕೆ ಇಳಿಯುತ್ತದೆ. ಮಣ್ಣಿಗಿಂತ ಮಂಜುಗಡ್ಡೆಯೇ ಹೆಚ್ಚಿರುವಲ್ಲಿ ನೆಲ ಇದ್ದಕ್ಕಿದ್ದಂತೆ ಕುಸಿದು ಕೆರೆಯಾಗುತ್ತದೆ, ಇಲ್ಲವೇ ಗುಡ್ಡ ಜರಿಯುತ್ತದೆ. ರಷ್ಯದ ಯಾಕೂತಿಯಾದ ಬಟಗಾಯ್ ಬಳಿ ಕಳೆದ ಶತಮಾನದಲ್ಲಿ ಕಾಡು ಕಡಿದ ಮೇಲೆ ನೆರಳಿಲ್ಲದ ನೆಲ ಕರಗತೊಡಗಿತು. ಅಲ್ಲೀಗ ಸುಮಾರು ಒಂದು ಕಿಲೋಮೀಟರ್ ಉದ್ದದ ಕಮರಿಯಿದೆ. ಅಂಚಿನಲ್ಲಿ ಮರಗಳು ಬೇರುಸಮೇತ ವಾಲಿವೆ, ಬೇಸಿಗೆಯಿಡೀ ಕೆಸರು ಜಾರುತ್ತಿರುತ್ತದೆ. ಹವಾಮಾನದ ದೊಡ್ಡ ಗಣಕ ಮಾದರಿಗಳು ಇಂಥ ಹಠಾತ್ ಕುಸಿತವನ್ನು ಇನ್ನೂ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ನನ್ನ ಪ್ರಕಾರ ನಿಜವಾಗಿ ಚಿಂತಿಸಬೇಕಾದದ್ದು ಇಲ್ಲಿ.

ಹಾಗೆಂದು ಕರಗುವ ಈ ನೆಲವನ್ನು ‘ಮೀಥೇನ್ ಬಾಂಬ್’ ಎಂದು ಕರೆಯುವುದು ತಪ್ಪು. ಭೂಮಿ ಬಿಸಿಯಾಗುವ ಪ್ರತಿ ಒಂದು ಡಿಗ್ರಿಗೆ 2100ರೊಳಗೆ ಈ ನೆಲದಿಂದ ಕಾರ್ಬನ್ ಡೈಆಕ್ಸೈಡ್ ರೂಪದಲ್ಲಿ ಸುಮಾರು 1,800 ಕೋಟಿ ಟನ್ ಇಂಗಾಲ ಹೊರಬರಬಹುದು ಎನ್ನುತ್ತದೆ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಆರನೇ ವರದಿ. 310 ಕೋಟಿಯೂ ಆಗಬಹುದು, 4,100 ಕೋಟಿಯೂ ಆಗಬಹುದು. ಕಲ್ಲಿದ್ದಲು, ತೈಲ, ಅನಿಲ ಉರಿಸಿ ನಾವು ವರ್ಷಕ್ಕೆ ಬಿಡುವುದೇ ಸುಮಾರು 1,000 ಕೋಟಿ ಟನ್ ಇಂಗಾಲ. ವ್ಯತ್ಯಾಸವೆಂದರೆ, ನಮ್ಮ ಕುಲುಮೆಗಳನ್ನು ಆರಿಸಬಹುದು. ಕರಗಿದ ನೆಲ ಮಾತ್ರ ನಾವು ನಿಲ್ಲಿಸಿದ ಮೇಲೂ ಶತಮಾನಗಳ ಕಾಲ ಅನಿಲ ಬಿಡುತ್ತಲೇ ಇರುತ್ತದೆ.