ಮೂರ್ನಾಡಿನೊಳಗೊಂದು ಐಸ್‌ಲ್ಯಾಂಡ್ ಅಕ್ಷರ

‘ನುಡಿ 01 ಇ’ ಫಾಂಟಿನಲ್ಲಿ ಟೈಪಾದ ಕೊಡಗಿನ ‘ಮೂರ್ನಾಡು’ ಎಂಬ ಊರಿನ ಹೆಸರಿನ ಮೇಲಿಂದ ಆ ಫಾಂಟನ್ನು ಕಳಚಿದರೆ ಕೆಳಗೆ ಉಳಿಯುವುದು ಹತ್ತು ಚಿಹ್ನೆಗಳು, ಒಂದೂ ಕನ್ನಡದ್ದಲ್ಲ. ‘ನ’ ಇದ್ದ ಕಡೆ ಬ್ರಿಟಿಷರ ಪೌಂಡ್ ಗುರುತು. ‘ಡ’ ಇದ್ದ ಕಡೆ ಇಂಗ್ಲಿಷಿನ ಸಣ್ಣ ‘ಕ್ಯೂ’. ತಲೆಕಟ್ಟು, ಕೊಂಬು, ಇಳಿಗಳೆಲ್ಲ ನೆತ್ತಿಯ ಮೇಲೆ ಗೀಟೋ ಚುಕ್ಕೆಯೋ ಹೊತ್ತ ಯುರೋಪಿನ ‘ಎ’ಗಳು. ನನಗೆ ಎಲ್ಲಕ್ಕಿಂತ ಮೋಜೆನಿಸುವುದು ಅರ್ಕಾವತ್ತು: ಅದು ಕೂತಿರುವುದು ‘ಎಥ್’ ಎಂಬ ಐಸ್‌ಲ್ಯಾಂಡಿನ ಅಕ್ಷರದ ಜಾಗದಲ್ಲಿ. ಅದಕ್ಕೊಂದು ಹಟವೂ ಇದೆ. ಕೈಯಲ್ಲಿ ಬರೆಯುವಾಗಿನಂತೆ ಇಲ್ಲಿ ಮೊದಲು ‘ನಾ’ ಬರುತ್ತದೆ, ಅರ್ಕಾವತ್ತು ಅದರ ಬೆನ್ನಿಗೆ. ಕನ್ನಡಕ್ಕೆ ಸ್ವಂತ ಜಾಗವಿರುವ ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮ: ರಕಾರ, ಹಲಂತ ಚಿಹ್ನೆ, ಆಮೇಲೆ ‘ನ’. ಹೀಗಾಗಿ ಯೂನಿಕೋಡ್‌ನಲ್ಲಿ ‘ಮೂರ್ನಾಡು’ ಎಂದು ಟೈಪಿಸಿ ಹಳೆಯ ಕಡತಗಳಲ್ಲಿ ಹುಡುಕಿದರೆ ಮೂರ್ನಾಡು ಸಿಗುವುದಿಲ್ಲ. ಸಾವಿರ ಪುಟಗಳಲ್ಲಿ ಊರಿನ ಹೆಸರಿದ್ದರೂ ಗಣಕದ ಪಾಲಿಗೆ ಆ ಊರೇ ಇಲ್ಲ.

ವಿಂಡೋಸ್ ಒಳ್ಳೆಯದೋ ಲಿನಕ್ಸ್ ಒಳ್ಳೆಯದೋ ಎಂಬ ಜಗಳವನ್ನು ಇಲ್ಲಿಂದ ನೋಡಬೇಕು. ‘ಲಿನಕ್ಸ್ ಹಾಕಿದರೆ ಕನ್ನಡ ಬರುವುದಿಲ್ಲ’ ಎಂಬ ದೂರು ಡಿಟಿಪಿ ಅಂಗಡಿಗಳಲ್ಲಿ ಗಾದೆಯಷ್ಟೇ ಗಟ್ಟಿಯಾಗಿ ನಿಂತಿದೆ. ಆದರೆ ಕನ್ನಡ ಬಳಕೆದಾರರು ಕಾರ್ಯಾಚರಣಾ ವ್ಯವಸ್ಥೆಯ ತಲೆಗೆ ಕಟ್ಟುವ ತಪ್ಪಿನಲ್ಲಿ ದೊಡ್ಡ ಪಾಲು ಕಡತದೊಳಗಿನದು. ವಿಂಡೋಸ್ 95, 98ರಲ್ಲಿ ಕನ್ನಡ ಇರಲೇ ಇಲ್ಲ. 1991ರಲ್ಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದರೂ ಅದು ಮೇಜಿಗೆ ಬಂದಿರಲಿಲ್ಲ. ಆಗ ಬರಹ, ನುಡಿ, ಶ್ರೀಲಿಪಿ ತಂತ್ರಾಂಶಗಳು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡವನ್ನು ಬಾಡಿಗೆಗೆ ಇಟ್ಟವು. ಜಾಣತನದ ಕೆಲಸವೇ, ಅದಿಲ್ಲದಿದ್ದರೆ ಎಷ್ಟೋ ಪತ್ರಿಕೆ, ಪುಸ್ತಕ, ಮದುವೆ ಕಾಗದಗಳು ಅಚ್ಚಾಗುತ್ತಿರಲಿಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಡನೆ ನಿಜವಾದ ಕನ್ನಡ ತಂದಿತು. ಬಾಡಿಗೆ ಮನೆ ಮಾತ್ರ ಖಾಲಿಯಾಗಲಿಲ್ಲ.

ದೂರನ್ನು ಪರೀಕ್ಷಿಸುವುದು ಸುಲಭ. ನುಡಿಯ ಫಾಂಟ್ ಕಡತವನ್ನು ಲಿನಕ್ಸ್ ಗಣಕಕ್ಕೆ ನಕಲಿಸಿ ಹಳೆಯ ಕಾಗದ ತೆರೆದರೆ ಅಕ್ಷರಗಳು ಮೂಡುತ್ತವೆ. ಓದುವುದಕ್ಕೆ ತೊಡಕಿಲ್ಲ. ಹಳೆಯ ರೀತಿಯಲ್ಲೇ ಹೊಸದಾಗಿ ಟೈಪಿಸಹೊರಟರೆ ತೊಡಕು, ಏಕೆಂದರೆ ಕೀಲಿಯೊತ್ತನ್ನು ಆ ಚಿಹ್ನೆಗಳಾಗಿ ಮಾರ್ಪಡಿಸುವ ನುಡಿ ತಂತ್ರಾಂಶ ವಿಂಡೋಸ್‌ಗೆ ಬರೆದದ್ದು. ಯೂನಿಕೋಡ್‌ನಲ್ಲಿ ಟೈಪಿಸುವವರಿಗೆ ಆ ಹಂಗೂ ಇಲ್ಲ. ಕೆ.ಪಿ. ರಾವ್ ರೂಪಿಸಿದ, ನುಡಿಯೂ ಬಳಸುವ ಕೀಲಿಮಣೆ ವಿನ್ಯಾಸ ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸ್‌ನಲ್ಲಿ ಸಿದ್ಧವಾಗಿಯೇ ಇರುತ್ತದೆ. ವಿಂಡೋಸ್ ಬಹುಕಾಲ ತಾನಾಗಿ ಕೊಟ್ಟದ್ದು ಇನ್‌ಸ್ಕ್ರಿಪ್ಟ್ ಎಂಬ ಬೇರೆ ವಿನ್ಯಾಸವೊಂದನ್ನೇ. ನುಡಿಯಲ್ಲಿ ಪಳಗಿದ ಬೆರಳು ಲಿನಕ್ಸ್‌ನಲ್ಲೇ ಬೇಗ ಹೊಂದಿಕೊಳ್ಳುತ್ತದೆಂದರೆ ನಂಬುವವರು ಕಡಿಮೆ. ಮ್ಯಾಕ್‌ನಲ್ಲೂ ಕನ್ನಡ ಈಗ ಚೆನ್ನಾಗಿದೆ, ಆದರೆ ಅದರ ಬೆಲೆ ಕೇಳಿದ ಮೇಲೆ ಸಣ್ಣ ಅಂಗಡಿಯಲ್ಲಿ ಆ ಮಾತು ಮುಂದುವರಿಯುವುದಿಲ್ಲ.

ಇನ್ನೂ ಗಟ್ಟಿ ಸಾಕ್ಷ್ಯ ಕೊಡಗಿನ ಗಡಿಯಾಚೆ ಇದೆ. ಭಾಗಮಂಡಲದಿಂದ ಕರಿಕೆ ದಾರಿಯಲ್ಲಿ ಘಟ್ಟವಿಳಿದರೆ ಕಾಸರಗೋಡು ಜಿಲ್ಲೆ. ಕೇರಳದ ಶಾಲೆಗಳು ಬಹಳ ಹಿಂದೆಯೇ ಲಿನಕ್ಸ್‌ಗೆ ಹೊರಳಿದ್ದರಿಂದ ಆ ಜಿಲ್ಲೆಯ ಕನ್ನಡ ಮಾಧ್ಯಮದ ಮಕ್ಕಳೂ ಕಂಪ್ಯೂಟರ್ ಕಲಿಯುವುದು ಉಬುಂಟು ಆಧಾರಿತ ವ್ಯವಸ್ಥೆಯಲ್ಲೇ. ಅವರಿಗೆ ಹಳೆಯ ಕಡತಗಳ ಹೊರೆಯಿಲ್ಲ, ಹಾಗಾಗಿ ‘ಕನ್ನಡ ಬರುವುದಿಲ್ಲ’ ಎಂಬ ದೂರಿಗೆ ಅಲ್ಲಿ ಬೇರು ಸಿಗುವುದಿಲ್ಲ. 2019ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಗಣಕಗಳಿಗೆ ಲಿನಕ್ಸ್‌ನ ಹೊಸ ಆವೃತ್ತಿ ಹಾಕುವಾಗ ಅದರಿಂದ 3,000 ಕೋಟಿ ರೂಪಾಯಿ ಉಳಿತಾಯವೆಂಬ ಲೆಕ್ಕ ಬಂತು. ಭಾಗಿಸಿ ನೋಡಿದರೆ ಗಣಕವೊಂದಕ್ಕೆ ಸುಮಾರು ಒಂದೂವರೆ ಲಕ್ಷ! ಅಷ್ಟು ದುಬಾರಿ ತಂತ್ರಾಂಶವನ್ನು ಯಾವ ಶಾಲೆ ಕೊಳ್ಳುತ್ತಿತ್ತೋ. ಉಳಿತಾಯ ನಿಜ, ಅಂಕಿ ಮಾತ್ರ ಉಬ್ಬಿದ್ದು.

ಹಾಗಾದರೆ ಮೂರ್ನಾಡಿನ ಅಂಗಡಿಯವರು ವಿಂಡೋಸ್ ಬಿಡದಿರುವುದು ಬರೀ ಅಭ್ಯಾಸಬಲವೇ? ಅಲ್ಲ. ಲೆಕ್ಕಕ್ಕೆ ಟ್ಯಾಲಿ ಬೇಕು, ಅದು ವಿಂಡೋಸ್‌ನದು. ಪುಟ ಕಟ್ಟಲು ಇನ್ನೂ ಪೇಜ್‌ಮೇಕರ್ ಹಿಡಿದವರಿದ್ದಾರೆ. ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತೇ ಇಲ್ಲ. ನಾಡಿನ ಡಿಟಿಪಿ ಮೇಜುಗಳ ಮೇಲೆ ವರ್ಷಗಟ್ಟಲೆ ದುಡಿದ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಲಿನಕ್ಸ್‌ನಲ್ಲಿ ಚಾಲಕ ತಂತ್ರಾಂಶಕ್ಕಾಗಿ ಅಳಿಸಿಬಿಡುತ್ತದೆ. ಇವು ನೆವಗಳಲ್ಲ, ಹೊಟ್ಟೆಪಾಡಿನ ಕಾರಣಗಳು. ಇನ್ನೊಂದು ತಟ್ಟೆಯಲ್ಲಿ ಬೇರೆ ತೂಕವಿದೆ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುವುದೋ ತಿಳಿಯದ ಊರಿನಲ್ಲಿ ವಿಂಡೋಸ್ ‘ಆಫ್ ಮಾಡಬೇಡಿ’ ಎನ್ನುತ್ತ ಅಪ್‌ಡೇಟಿಗೆ ಕೂರುವುದು ನಿಜವಾದ ಕಾಟ. ಲಿನಕ್ಸ್ ಅದನ್ನು ಸಾಮಾನ್ಯವಾಗಿ ನಮ್ಮನ್ನು ಕೇಳಿ ಮಾಡುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಸಾಮಾನ್ಯವಾಗಿ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕಾದ್ದರಿಂದ ಸುಸ್ಥಿತಿಯಲ್ಲಿರುವ ಎಷ್ಟೋ ಹಳೆಯ ಗಣಕಗಳೂ ಅದರ ಹೊಸಿಲು ದಾಟಲಾರವು. ಲಿನಕ್ಸ್‌ನ ಮಾತು ಮತ್ತೆ ಎದ್ದಿರುವುದು ಪ್ರೀತಿಗಿಂತ ಈ ಒತ್ತಡಕ್ಕೆ.

ಆದರೆ ವ್ಯವಸ್ಥೆ ಬದಲಿಸುವ ಮೊದಲು ಕಡತ ಬದಲಿಸಬೇಕು, ಈ ಕ್ರಮ ತಿರುಗುಮುರುಗಾದರೆ ಎಲ್ಲ ಬೈಗುಳವೂ ಲಿನಕ್ಸ್‌ಗೇ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ; ಅರ್ಕಾವತ್ತನ್ನು ‘ನಾ’ದ ಬೆನ್ನಿನಿಂದ ಎತ್ತಿ ಮುಂದಕ್ಕೆ ಕೂರಿಸುವುದೂ ಅವಕ್ಕೆ ಗೊತ್ತು. ಗೊತ್ತಿಲ್ಲದ್ದು, ಎಲ್ಲಿ ಕನ್ನಡ ಮುಗಿದು ಇಂಗ್ಲಿಷ್ ಶುರುವಾಯಿತು ಎಂಬುದು. ಸಣ್ಣ ‘ಕ್ಯೂ’ ಎಂದರೆ ‘ಡ’ ಎಂದು ಕಲಿತ ಯಂತ್ರ ಇಂಗ್ಲಿಷಿನ ‘ಕ್ಯೂ’ವನ್ನೂ ‘ಡ’ ಮಾಡುತ್ತದೆ. ಎರಡು ಭಾಷೆಯ ಮದುವೆ ಕಾಗದದಲ್ಲಿ ಎರಡನ್ನೂ ಬೇರ್ಪಡಿಸುವ ಒಂದೇ ಸುಳಿವು ಫಾಂಟಿನ ಹೆಸರು. ಬರೀ ಪಠ್ಯವಾಗಿ ನಕಲಿಸಿದರೆ ಅದೂ ಅಳಿಯುತ್ತದೆ. ಆದ್ದರಿಂದ ಮೂಲ ಕಡತವನ್ನು ಹಾಗೇ ಉಳಿಸಿಕೊಂಡು, ಫಾಂಟ್ ನೋಡಿ ಪರಿವರ್ತಿಸಿ, ಆಮೇಲೆ ಮನುಷ್ಯರೇ ಕೂತು ಕರಡು ತಿದ್ದಬೇಕು. ಲೈಸೆನ್ಸಿನ ದುಡ್ಡು ಉಳಿಸುವ ಲೆಕ್ಕಗಳಲ್ಲಿ ಈ ಕರಡು ತಿದ್ದುವವರ ಕೂಲಿಯನ್ನು ಯಾರೂ ಸೇರಿಸಿದಂತಿಲ್ಲ.