ನೀರಿಲ್ಲದ ಷಾಂಪೂ ಮತ್ತು ನವುರಾದ ಕೂದಲು

ತಲೆಯನ್ನು ತೊಳೆಯಲು ನೀರು ಬೇಕೆಂಬುದು ಎಲ್ಲರೂ ಬಲ್ಲ ಮಾತು. ಸೀಗೆಯಾಗಲಿ, ಅಂಟುವಾಳವಾಗಲಿ, ಸೀಸೆಯಲ್ಲಿ ಬರುವ ಷಾಂಪೂವಾಗಲಿ, ನೀರಿನೊಡನೆ ಸೇರಿದಾಗಲೇ ತನ್ನ ಕೆಲಸವನ್ನು ಮಾಡುತ್ತದೆ. ಹೀಗಿರುವಾಗ ‘ಡ್ರೈ ಷಾಂಪೂ’ ಎಂಬ ಹೆಸರು ಹೊತ್ತ ಡಬ್ಬಿಗಳು ಅಂಗಡಿಗಳಲ್ಲಿ ಕಾಣಿಸಿಕೊಂಡಿವೆ. ಬೆಳಗಿನ ತರಗತಿಗೆ ಹೊತ್ತಾದ ವಿದ್ಯಾರ್ಥಿನಿಲಯದ ವಾಸಿಗಳೂ, ದೂರದ ಪ್ರಯಾಣದಲ್ಲಿರುವವರೂ ಇವುಗಳನ್ನು ಬಳಸುತ್ತಾರೆ. ಎಲ್ಲರಿಗಿಂತ ಹೆಚ್ಚಾಗಿ ಇವುಗಳ ಕಡೆಗೆ ಒಲಿಯುವವರು, ನವುರಾದ ಕೂದಲುಳ್ಳವರು. ಇಂದು ತೊಳೆದರೆ ನಾಳೆಯೇ ಅವರ ಕೂದಲು ಎಣ್ಣೆಗಟ್ಟಿ ನೆತ್ತಿಗೆ ಅಂಟಿಕೊಂಡುಬಿಡುತ್ತದೆ.

ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು? ಡಬ್ಬಿಯ ಮೇಲಿನ ಚಿತ್ರವಾಗಲಿ ಒಳಗಿನ ಪರಿಮಳವಾಗಲಿ ಇದಕ್ಕೆ ಉತ್ತರ ಹೇಳಲಾರವು. ಕೂದಲು ಏಕೆ ಚಪ್ಪಟೆಯಾಗುತ್ತದೆ, ಪುಡಿಯು ಎಣ್ಣೆಯನ್ನು ಹೇಗೆ ಹೀರುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಬಿಡಿಸಿಕೊಂಡರೆ ಉತ್ತರವು ತಾನಾಗಿಯೇ ದೊರೆಯುತ್ತದೆ.

ದಪ್ಪಕ್ಕೂ ಬಿಗಿತಕ್ಕೂ ಇರುವ ನಂಟು

ಮನುಷ್ಯನ ತಲೆಗೂದಲಿನ ಎಳೆ ಸಾಮಾನ್ಯವಾಗಿ 50ರಿಂದ 100 ಮೈಕ್ರಾನುಗಳಷ್ಟು ದಪ್ಪವಾಗಿರುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನವುರಾದ ಕೂದಲು ಎಂದು ನಾವು ಹೇಳುವುದು ಒಂದೊಂದು ಎಳೆಯ ದಪ್ಪವನ್ನು ಕುರಿತೇ ಹೊರತು ಎಳೆಗಳ ಸಂಖ್ಯೆಯನ್ನು ಕುರಿತಲ್ಲ.

ಯಾವುದೇ ತಂತಿಯು ಬಾಗದೆ ನಿಲ್ಲುವ ಗುಣ, ಎಂದರೆ ಅದರ ಬಿಗಿತ, ದಪ್ಪದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ತೂಕವಾದರೋ ದಪ್ಪದ ವರ್ಗವನ್ನು ಮಾತ್ರ ಅನುಸರಿಸುತ್ತದೆ. 80 ಮೈಕ್ರಾನ್ ದಪ್ಪದ ಒಂದು ಎಳೆಯನ್ನೂ 50 ಮೈಕ್ರಾನ್ ದಪ್ಪದ ಇನ್ನೊಂದನ್ನೂ ಹೋಲಿಸೋಣ. ಮೊದಲನೆಯದರ ತೂಕ ಎರಡನೆಯದರ ಎರಡೂವರೆ ಪಟ್ಟು. ಬಿಗಿತವಾದರೆ ಆರೂವರೆ ಪಟ್ಟು. ನವುರಾದ ಎಳೆಯು ಹಗುರವಾಗಿದ್ದರೂ ಬಿಗಿತವನ್ನು ಅದಕ್ಕಿಂತ ಹೆಚ್ಚಾಗಿ ಕಳೆದುಕೊಂಡಿರುವುದರಿಂದ, ತನ್ನ ತೂಕಕ್ಕೇ ತಾನು ಬೇಗ ಬಾಗುತ್ತದೆ. ಲೆಕ್ಕ ಹಾಕಿ ನೋಡಿದರೆ, ದಪ್ಪ ಎಳೆಯು ಸುಮಾರು 5 ಸೆಂಟಿಮೀಟರು ಉದ್ದವಾದಾಗ ಗುರುತ್ವಕ್ಕೆ ಮಣಿಯತೊಡಗಿದರೆ, ನವುರಾದ ಎಳೆಯು 4 ಸೆಂಟಿಮೀಟರಿಗೆ ಮೊದಲೇ ಮಣಿಯುತ್ತದೆ. ಎಣ್ಣೆ ಸೇರುವ ಮುನ್ನವೇ ಇದರ ಸ್ಥಿತಿ ಹೀಗೆ.

ಎಣ್ಣೆಯ ಅಂಟು

ಕೂದಲಿನ ಬುಡದಲ್ಲಿರುವ ಮೇದೋಗ್ರಂಥಿಗಳು ಜಿಡ್ಡನ್ನು ಒಸರುತ್ತವೆ. ಇದು ಚರ್ಮವನ್ನು ಕಾಪಾಡುವ ಉಪಕಾರಿ ವಸ್ತುವೇ ಆಗಿದೆ. ಆದರೆ ಎರಡು ಎಳೆಗಳ ನಡುವಣ ಕಿರಿದಾದ ಸಂದಿಯಲ್ಲಿ ಜಿಡ್ಡು ನಿಂತಾಗ, ಅದರ ಮೇಲ್ಮೈ ಎಳೆತವು ಆ ಎರಡನ್ನೂ ಹತ್ತಿರಕ್ಕೆ ಸೆಳೆದು ಕೂಡಿಸುತ್ತದೆ.

ವಾಚಕರು ಇದನ್ನು ಸುಲಭವಾಗಿ ಪರೀಕ್ಷಿಸಬಹುದು. ಬಣ್ಣ ಬಳಿಯುವ ಕುಂಚವನ್ನು ನೀರಿನೊಳಗೆ ಮುಳುಗಿಸಿ ನೋಡಿರಿ. ನೀರಿನೊಳಗೆ ಇರುವಷ್ಟು ಹೊತ್ತು ಅದರ ಎಳೆಗಳು ಬಿಡಿಬಿಡಿಯಾಗಿಯೇ ಇರುತ್ತವೆ. ಹೊರಕ್ಕೆ ತೆಗೆದೊಡನೆಯೇ ಒಂದಕ್ಕೊಂದು ಅಂಟಿಕೊಂಡು ಚೂಪಾದ ತುದಿಯಾಗುತ್ತವೆ. ಇದರಿಂದ, ಎಳೆಗಳನ್ನು ಕೂಡಿಸುವುದು ಒದ್ದೆತನವಲ್ಲ, ಅವುಗಳ ನಡುವೆ ಇರುವ ದ್ರವದ ಮೇಲ್ಮೈ ಎಂಬುದು ಸ್ಪಷ್ಟವಾಗುತ್ತದೆ. ತಲೆಯ ಜಿಡ್ಡು ಮಾಡುವುದೂ ಇದನ್ನೇ. ದಪ್ಪ ಎಳೆಗಳು ತಮ್ಮ ಬಿಗಿತದಿಂದ ಈ ಸೆಳೆತವನ್ನು ಎದುರಿಸಬಲ್ಲವು; ನವುರಾದ ಎಳೆಗಳು ಸೋತು ಜಡೆಗಟ್ಟಿ ನೆತ್ತಿಯ ಮೇಲೆ ಮಲಗಿಬಿಡುತ್ತವೆ.

ಪುಡಿಯ ಕೆಲಸ

ಮೇಜಿನ ಮೇಲೆ ಚೆಲ್ಲಿದ ಶಾಯಿಗೆ ಸೀಮೆಸುಣ್ಣದ ತುಂಡನ್ನು ತಾಗಿಸಿದರೆ ಶಾಯಿಯು ಅದರೊಳಕ್ಕೆ ಏರುವುದನ್ನು ಎಲ್ಲರೂ ಕಂಡಿದ್ದೇವೆ. ಕಣಗಳ ನಡುವಣ ಸಣ್ಣ ಸಂದಿಗಳು ದ್ರವವನ್ನು ಎಳೆದುಕೊಳ್ಳುತ್ತವೆ. ಈ ಕ್ರಿಯೆಗೆ ಲೋಮನಾಳ ಕ್ರಿಯೆ ಎಂದು ಹೆಸರು. ಲೋಮವೆಂದರೆ ಕೂದಲೇ ಅಲ್ಲವೆ! ಸಂದಿ ಕಿರಿದಾದಷ್ಟೂ ಸೆಳೆತ ಹೆಚ್ಚು. ಡ್ರೈ ಷಾಂಪೂವಿನ ತಿರುಳು ಇಷ್ಟೇ: ಎಳೆಗಳ ನಡುವಣ ಸಂದಿಗಿಂತ ಕಿರಿದಾದ ಸಂದಿಗಳನ್ನು ಒದಗಿಸಿ, ಜಿಡ್ಡನ್ನು ತನ್ನತ್ತ ಸೆಳೆದುಕೊಳ್ಳುವ ಪುಡಿ ಅದು. ಜಿಡ್ಡು ತೊಲಗಿದ ಮೇಲೆ ಎಳೆಗಳ ಮೇಲೆ ಉಳಿದ ಕಣಗಳು ಅವುಗಳನ್ನು ಒಂದರಿಂದೊಂದು ಸ್ವಲ್ಪ ದೂರವಿಡುತ್ತವೆ, ಜಾರಿಕೆಯನ್ನೂ ತಗ್ಗಿಸುತ್ತವೆ. ಕೂದಲು ತುಂಬಿಕೊಂಡಂತೆ ಕಾಣುವುದು ಇದರಿಂದಲೇ.

ಪಿಷ್ಟವನ್ನು ತಲೆಗೆ ಹಚ್ಚುವುದು ಹೊಸದೇನೂ ಅಲ್ಲ. ಹದಿನೆಂಟನೆಯ ಶತಮಾನದ ಯೂರೋಪಿನ ಸಿರಿವಂತರು ಕೂದಲಿಗೂ ಟೋಪನ್ನುಗಳಿಗೂ ಪಿಷ್ಟದ ಪುಡಿಯನ್ನು ಬಳಿಯುತ್ತಿದ್ದರು. 1795ರಲ್ಲಿ ಬ್ರಿಟನ್ನಿನ ಪ್ರಧಾನಿ ವಿಲಿಯಂ ಪಿಟ್ಟನ ಸರ್ಕಾರವು ಈ ಪುಡಿಯನ್ನು ಬಳಸುವವರ ಮೇಲೆ ವರ್ಷಕ್ಕೆ ಒಂದು ಗಿನಿಯಷ್ಟು ತೆರಿಗೆಯನ್ನು ಹಾಕಿತು. ಅವರ ಉದ್ದೇಶ ಅಲಂಕಾರ. ನಮ್ಮದು ಜಿಡ್ಡಿನ ನಿವಾರಣೆ.

ಎಂತಹ ಪುಡಿ?

ಅಕ್ಕಿಯ ಪಿಷ್ಟದ ಕಣಗಳು 3ರಿಂದ 8 ಮೈಕ್ರಾನ್, ಮೆಕ್ಕೆಜೋಳದವು 5ರಿಂದ 20 ಮೈಕ್ರಾನ್ ಗಾತ್ರದವು. ಆಲೂಗೆಡ್ಡೆಯ ದೊಡ್ಡ ಕಣಗಳಾದರೆ 100 ಮೈಕ್ರಾನಿನವರೆಗೂ ಇರುವುದುಂಟು. ಇದು ನವುರಾದ ಎಳೆಗಿಂತಲೂ ದಪ್ಪ! ಒಂದೇ ತೂಕದ ಪುಡಿಯಲ್ಲಿ ಕಣದ ಗಾತ್ರ ಮೂರನೆಯ ಒಂದು ಪಾಲಾದರೆ ಒಟ್ಟು ಮೇಲ್ಮೈಯು ಮೂರು ಪಟ್ಟಾಗುತ್ತದೆ. ಆದುದರಿಂದ ಸಣ್ಣ ಕಣದ ಪುಡಿಯು ಕಡಮೆ ತೂಕದಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಭಾರವನ್ನು ಸಹಿಸಲಾರದ ನವುರಾದ ಕೂದಲಿಗೆ ಬೇಕಾಗಿರುವುದು ಇದೇ. ಹೀಗಾಗಿ ಅಕ್ಕಿಯ ಪಿಷ್ಟ, ಅಥವಾ ರಂಧ್ರಮಯವಾದ ಸಿಲಿಕಾ ಬೆರೆತ ಪುಡಿ ಉತ್ತಮ. ಆದರೆ ಅಕ್ಕಿಯ ಪಿಷ್ಟವೂ ಗಿರಣಿಯ ಅಕ್ಕಿಹಿಟ್ಟೂ ಒಂದೇ ಎಂದು ತಿಳಿಯಬಾರದು. ಹಿಟ್ಟಿನಲ್ಲಿ ಪಿಷ್ಟದ ಕಣಗಳು ಗುಂಪುಗೂಡಿಕೊಂಡೇ ಇರುವುದರಿಂದ ಅದು ಎಷ್ಟೋ ಪಾಲು ಒರಟು.

ಡಬ್ಬಿಯ ಮೇಲಿನ ಘಟಕಗಳ ಪಟ್ಟಿಯನ್ನು ಓದುವಾಗ ಇನ್ನೆರಡು ಸಂಗತಿಗಳನ್ನು ಗಮನಿಸಬೇಕು. ಮೃದುತ್ವಕ್ಕಾಗಿ ಎಣ್ಣೆಗಳನ್ನೋ ಸಿಲಿಕೋನುಗಳನ್ನೋ ಸೇರಿಸಿರುವ ಪುಡಿ ಒಣಗಿದ ದಪ್ಪ ಕೂದಲಿಗೆ ಒಪ್ಪಬಹುದು. ನವುರಾದ ಕೂದಲಿಗೆ ಅದು ತೆಗೆದ ಜಿಡ್ಡನ್ನೇ ಮರಳಿ ಹಚ್ಚಿದಂತೆ. ಎರಡನೆಯದಾಗಿ, ಟಾಲ್ಕ್ ಇರುವುದನ್ನು ಬಿಡುವುದು ಲೇಸು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2024ರಲ್ಲಿ ಟಾಲ್ಕನ್ನು ‘ಬಹುಶಃ ಕ್ಯಾನ್ಸರುಕಾರಕ’ ವಸ್ತುಗಳ ವರ್ಗಕ್ಕೆ ಸೇರಿಸಿದೆ.

ಕಪ್ಪು ಕೂದಲಿನ ತೊಡಕು

ನಮ್ಮ ನಾಡಿನ ಕಪ್ಪು ಕೂದಲಿನ ಮೇಲೆ ಪುಡಿಯು ಬೂದಿ ಎರಚಿದಂತೆ ಕಾಣುವುದು ಸಹಜ. ಪಿಷ್ಟದ ಕಣವು ಸ್ವತಃ ಬಿಳಿಯಲ್ಲ, ಪಾರದರ್ಶಕವಾದುದು. ಆದರೆ ಗಾಳಿಗೂ ಅದಕ್ಕೂ ವಕ್ರೀಭವನಾಂಕದಲ್ಲಿ ಬಹಳ ಅಂತರವಿರುವುದರಿಂದ ಅದರ ಮೇಲೆ ಬಿದ್ದ ಬೆಳಕು ಎಲ್ಲ ದಿಕ್ಕಿಗೂ ಚದರಿ ಬಿಳಿಯಾಗಿ ತೋರುತ್ತದೆ. ಕಣಗಳ ಸುತ್ತ ಜಿಡ್ಡು ತುಂಬಿದಾಗ ಈ ಅಂತರವು ಕಡಮೆಯಾಗಿ ಬಿಳುಪು ಮಾಸುತ್ತದೆ. ಆದುದರಿಂದ ಪುಡಿ ಹಚ್ಚಿದೊಡನೆ ಬಾಚಿಬಿಡಬಾರದು; ಎರಡು ಮೂರು ನಿಮಿಷ ಬಿಟ್ಟು, ಬೆರಳುಗಳಿಂದ ಬುಡವನ್ನು ತಿಕ್ಕಿ, ಅನಂತರ ಬಾಚಬೇಕು. ಆಮೇಲೂ ಬಿಳುಪು ಉಳಿದರೆ ಹಚ್ಚಿದ ಪುಡಿಯೇ ಅಧಿಕವಾಯಿತೆಂದು ಅರ್ಥ. ಕಬ್ಬಿಣದ ಆಕ್ಸೈಡು ಬೆರೆಸಿದ ಕಂದುಬಣ್ಣದ ಪುಡಿಗಳೂ ದೊರೆಯುತ್ತವೆ.

ಸ್ಪ್ರೇಯೋ, ಬಿಡಿ ಪುಡಿಯೋ?

ಸ್ಪ್ರೇ ಡಬ್ಬಿಯಲ್ಲಿ ಬ್ಯೂಟೇನ್, ಪ್ರೊಪೇನ್ ಮುಂತಾದ ಅನಿಲಗಳು ಒತ್ತಡದಿಂದ ದ್ರವರೂಪದಲ್ಲಿರುತ್ತವೆ. ಗುಂಡಿಯನ್ನು ಒತ್ತಿದಾಗ ಅವು ಹೊರಬಂದು ಆವಿಯಾಗಿ, ಪುಡಿಯನ್ನು ಸಮನಾಗಿ ಹರಡುತ್ತವೆ. ಸಮನಾದ ತೆಳುಲೇಪವು ನವುರಾದ ಕೂದಲಿಗೆ ಅನುಕೂಲವೆಂಬುದು ನಿಜ. ಆದರೆ ಈ ಅನಿಲಗಳು ನಮ್ಮ ಅಡಿಗೆಯ ಅನಿಲದ ಬಳಗದವೇ; ಒಲೆಯ ಅಥವಾ ದೀಪದ ಬಳಿ ಇವುಗಳನ್ನು ಸಿಂಪಡಿಸುವುದು ಅಪಾಯಕರ. ಇಷ್ಟೇ ಅಲ್ಲದೆ, 2021ರ ಡಿಸೆಂಬರಿನಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್, 2022ರ ಅಕ್ಟೋಬರಿನಲ್ಲಿ ಯೂನಿಲಿವರ್ ಸಂಸ್ಥೆಗಳು ಅಮೆರಿಕದಲ್ಲಿ ತಮ್ಮ ಕೆಲವು ಡ್ರೈ ಷಾಂಪೂ ಸ್ಪ್ರೇಗಳನ್ನು ಮುನ್ನೆಚ್ಚರಿಕೆಯಾಗಿ ಹಿಂದಕ್ಕೆ ಕರೆಸಿಕೊಂಡವು. ಅವುಗಳಲ್ಲಿ ಬೆನ್ಜೀನ್ ಸೇರಿರಬಹುದೆಂಬುದೇ ಕಾರಣ. ಬೆನ್ಜೀನ್ ರಕ್ತದ ಕ್ಯಾನ್ಸರನ್ನು ತರಬಲ್ಲ ವಸ್ತು. ಎಲ್ಲ ಡಬ್ಬಿಗಳಲ್ಲಿಯೂ ಅದಿದೆಯೆಂದು ಇದರ ಅರ್ಥವಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ದಿನವೂ ಸಿಂಪಡಿಸಿಕೊಂಡು ಉಸಿರಾಡುವುದು ವಿವೇಕವಲ್ಲ.

ಅನಿಲವಿಲ್ಲದ ಬಿಡಿ ಪುಡಿಗೆ ಈ ತೊಂದರೆಗಳಿಲ್ಲ. ಮೆತ್ತನೆಯ ಕುಂಚದ ತುದಿಯಲ್ಲಿ ಒಂದು ಚಿಟಿಕೆ ತೆಗೆದುಕೊಂಡು, ಹೆಚ್ಚಾದುದನ್ನು ಕೊಡವಿ, ಬೈತಲೆಯನ್ನು ಅಲ್ಲಲ್ಲಿ ಬಿಡಿಸಿ ಬುಡಕ್ಕೆ ಮಾತ್ರ ಹಚ್ಚಿದರೆ ಸಾಕು. ಪುಡಿಯು ಮೂಗಿಗೆ ಹೋಗದಂತೆ ನೋಡಿಕೊಳ್ಳಬೇಕು. ಎಲ್ಲವನ್ನೂ ತೂಗಿ ನೋಡಿದರೆ, ನವುರಾದ ಕಪ್ಪು ಕೂದಲುಳ್ಳ ವಿದ್ಯಾರ್ಥಿಗೆ ಎಣ್ಣೆಯೂ ಟಾಲ್ಕೂ ಇಲ್ಲದ, ಸಣ್ಣ ಕಣದ, ಕೊಂಚ ಕಂದುಬಣ್ಣದ ಬಿಡಿ ಪುಡಿಯೇ ತಕ್ಕುದೆಂದು ನಾವು ಭಾವಿಸುತ್ತೇವೆ.

ಕೊನೆಯದಾಗಿ ಒಂದು ಮಾತನ್ನು ಮರೆಯಬಾರದು. ಹೆಸರಿನಲ್ಲಿ ಷಾಂಪೂ ಎಂದಿದ್ದರೂ ಈ ವಸ್ತುವು ತಲೆಯನ್ನು ತೊಳೆಯುವುದಿಲ್ಲ. ಅದು ಜಿಡ್ಡನ್ನು ಹೀರಿಕೊಂಡು ಮರೆಮಾಡುತ್ತದೆ, ಅಷ್ಟೆ. ಬೆವರಿನ ಉಪ್ಪು, ದೂಳು, ಸತ್ತ ಚರ್ಮದ ಹೊಟ್ಟು ಎಲ್ಲವೂ ಇದ್ದಲ್ಲಿಯೇ ಇರುತ್ತವೆ. ಅವುಗಳ ಜೊತೆಗೆ ಪುಡಿಯೂ ಸೇರುತ್ತದೆ. ಮೇಲಿಂದ ಮೇಲೆ ಹಚ್ಚುತ್ತಾ ಹೋದರೆ ನೆತ್ತಿಯಲ್ಲಿ ಕೆರೆತ ಹುಟ್ಟುವುದಲ್ಲದೆ, ಹಗುರವಾಗಬೇಕಾದ ಕೂದಲು ಮತ್ತಷ್ಟು ಭಾರವಾಗುತ್ತದೆ. ಒಂದೆರಡು ದಿನ ಇದನ್ನು ಬಳಸಿದ ಬಳಿಕ ತಲೆಯನ್ನು ನೀರಿನಿಂದ ತೊಳೆಯಲೇಬೇಕು. ಸೀಗೆಯೂ ನೀರೂ ಮಾಡುವ ಕೆಲಸವನ್ನು ಪುಡಿಯು ಮುಂದಕ್ಕೆ ಹಾಕಬಲ್ಲದೇ ಹೊರತು ತಪ್ಪಿಸಲಾರದು.