ಎರಡು ಕನ್ನಡಿಗಳ ನಡುವಣ ದೀಪ

ಕ್ಷೌರದಂಗಡಿಯ ಕುರ್ಚಿಯಲ್ಲಿ ಕುಳಿತವರೆಲ್ಲರೂ ಒಂದು ಸೋಜಿಗವನ್ನು ಕಂಡೇ ಇರುತ್ತಾರೆ. ಇದಿರಿಗೊಂದು ಕನ್ನಡಿ, ಬೆನ್ನ ಹಿಂದೊಂದು ಕನ್ನಡಿ. ಇದಿರಿನ ಕನ್ನಡಿಯೊಳಗೆ ಹಿಂದಿನದು, ಅದರೊಳಗೆ ಮತ್ತೆ ಇದಿರಿನದು. ಹೀಗೆ ನಮ್ಮ ತಲೆಗಳ ಸಾಲೊಂದು ದೂರ ದೂರ ಸರಿಯುತ್ತ, ಕಿರಿದಾಗುತ್ತ, ಕಡೆಗೆ ಹಸುರು ಮಬ್ಬಿನಲ್ಲಿ ಕರಗಿಹೋಗುತ್ತದೆ. ಸಾಲಿನ ಕೊನೆಯನ್ನು ಹುಡುಕಲು ಕತ್ತು ತಿರುಗಿಸಿ ಬೈಸಿಕೊಂಡವರೂ ನಮ್ಮಲ್ಲಿ ಇಲ್ಲದಿಲ್ಲ.

ಈ ಸೋಜಿಗವನ್ನೇ ಒಂದು ಪೆಟ್ಟಿಗೆಯಲ್ಲಿ ಹಿಡಿದು, ತಲೆಗಳಿಗೆ ಬದಲಾಗಿ ದೀಪಗಳನ್ನಿರಿಸಿದರೆ ಅದು ಕಲೆಯ ವಸ್ತುವಾಗುತ್ತದೆ. ನೆಲದ ಮೇಲೆ ಮಲಗಿಸಿದ, ಗೇಣುದ್ದವೂ ಎತ್ತರವಿಲ್ಲದ ಪೆಟ್ಟಿಗೆಯನ್ನು ಬಗ್ಗಿ ನೋಡಿದರೆ ಒಳಗೆ ಆಳವಾದ ಬಾವಿ! ದೀಪಗಳ ಚೌಕಗಳು ಒಂದರ ಕೆಳಗೊಂದು ಇಳಿಯುತ್ತಿದ್ದು, ಹಂಪಿಯ ಮೆಟ್ಟಿಲು ಪುಷ್ಕರಣಿಯನ್ನು ನೋಡಿ ಬಂದವರಿಗೆ ಅದರ ನೆನಪಾಗುತ್ತದೆ. ನಮ್ಮ ಕಾಲೇಜಿನ ವಾರ್ಷಿಕೋತ್ಸವದ ವಸ್ತುಪ್ರದರ್ಶನಕ್ಕೆಂದು ನಾವು ನಾಲ್ವರು ಗೆಳೆಯರು ಇಂಥದೊಂದನ್ನು ಮಾಡಹೊರಟೆವು. ಮೊದಲ ಯತ್ನ ಕೆಟ್ಟಿತು. ಅರ್ಧ ಪುಟದ ಲೆಕ್ಕವೊಂದನ್ನು ಮೊದಲೇ ಹಾಕಿದ್ದರೆ ನಮ್ಮ ಹಣವೂ ಎರಡು ವಾರಗಳ ಸಂಜೆಯೂ ಉಳಿಯುತ್ತಿದ್ದವು. ಆ ಲೆಕ್ಕವನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕನ್ನಡಿ ಮತ್ತು ಬೆಳಕಿನ ಈ ಆಟ ಹೊಸದೇನೂ ಅಲ್ಲ. ಜಯಪುರದ ಬಳಿಯ ಅಂಬೇರ್ ಕೋಟೆಯ ಶೀಶ್ ಮಹಲಿನಲ್ಲಿ, 17ನೆಯ ಶತಮಾನದಲ್ಲಿಯೇ, ಗೋಡೆ ಮಾಡುಗಳಿಗೆ ಕನ್ನಡಿಯ ಚೂರುಗಳನ್ನು ಕೂರಿಸಿ ಒಂದು ಹಣತೆಯನ್ನು ನೂರಾಗಿಸಿದರು. ಜಪಾನಿನ ಕಲಾವಿದೆ ಯಾಯೊಯಿ ಕುಸಾಮಾ 1965ರಲ್ಲಿ ನ್ಯೂಯಾರ್ಕಿನಲ್ಲಿ ಗೋಡೆಗಳಿಗೆಲ್ಲ ಕನ್ನಡಿ ಹೊದಿಸಿದ ಕೊಠಡಿಯೊಂದನ್ನು ನಿರ್ಮಿಸಿದಳು. ಮುಂದೆ 2013ರ ಕೃತಿಯೊಂದರಲ್ಲಿ ಅಂಥ ಕೊಠಡಿಯೊಳಗೆ ಎಲ್‌ಇಡಿ ದೀಪಗಳನ್ನು ತೂಗಬಿಟ್ಟು ನೋಡುವವರನ್ನು ನಕ್ಷತ್ರಗಳ ನಡುವೆಯೇ ನಿಲ್ಲಿಸಿದಳು. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ಅಮೆರಿಕದ ನಿಕ್ ಹೋಲೋನ್ಯಾಕ್ 1962ರಲ್ಲಿ ಮಾಡಿ ತೋರಿಸಿದರು. ನೀಲಿ ಬಣ್ಣದ್ದಕ್ಕೆ ಇನ್ನೂ ಮೂವತ್ತು ವರ್ಷಗಳಷ್ಟು ಕಾಯಬೇಕಾಯಿತು. ನೀಲಿ ಬಂದ ಮೇಲೆಯೇ ಬಿಳಿಯ ಎಲ್‌ಇಡಿ ಸಾಧ್ಯವಾದದ್ದು; ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಹಳೆಯ ತಂತಿಯ ಬಲ್ಬಿನಂತೆ ಕಾಯದ ಈ ದೀಪಗಳಿಲ್ಲದಿದ್ದರೆ ಮುಚ್ಚಿದ ಮರದ ಪೆಟ್ಟಿಗೆಯಲ್ಲಿ ಎಪ್ಪತ್ತು ದೀಪ ಉರಿಸುವ ಮಾತೇ ಇರುತ್ತಿರಲಿಲ್ಲ.

ಇನ್ನು ಪೆಟ್ಟಿಗೆಯ ರಚನೆ. ತಳದಲ್ಲಿ ಸಾಮಾನ್ಯ ಕನ್ನಡಿ, ಮುಖ ಮೇಲಕ್ಕೆ. ಅದರಿಂದ 5 ಸೆಂಟಿಮೀಟರು ಮೇಲೆ ಒಂದು ಗಾಜು. ಇದು ಅರೆಗನ್ನಡಿ, ಎಂದರೆ ಬೀಳುವ ಬೆಳಕಿನಲ್ಲಿ ಒಂದು ಪಾಲನ್ನು ಹಿಂದಿರುಗಿಸಿ ಉಳಿದುದರಲ್ಲಿ ಬಹುಪಾಲನ್ನು ಹೊರಬಿಡುವಂಥದು. ಇವೆರಡರ ನಡುವೆ ಚೌಕಟ್ಟಿನ ಒಳಗೋಡೆಗೆ, ಸರಿಮಧ್ಯದಲ್ಲಿ, ದೀಪಗಳ ಪಟ್ಟಿ. ದೀಪದ ಬೆಳಕಿನಲ್ಲಿ ಒಂದು ಪಾಲು ನೇರವಾಗಿ ನಮ್ಮ ಕಣ್ಣಿಗೆ ಬರುತ್ತದೆ. ಇದು ಮೊದಲನೆಯ ಚೌಕ. ಇನ್ನೊಂದು ಪಾಲು ತಳದ ಕನ್ನಡಿಗೆ ಹೋಗಿ ಬರುತ್ತದೆ, ಇದು ಎರಡನೆಯದು. ಮೇಲಿನ ಗಾಜಿಗೆ ತಾಗಿ, ಕೆಳಗಿಳಿದು, ಮತ್ತೆ ಮೇಲೇರಿ ಬಂದದ್ದು ಮೂರನೆಯದು. ಮೊದಲ ಚೌಕ ಗಾಜಿನಿಂದ ಎರಡೂವರೆ ಸೆಂಟಿಮೀಟರು ಕೆಳಗೆ, ಆಮೇಲಿನ ಪ್ರತಿಯೊಂದೂ ಹಿಂದಿನದಕ್ಕಿಂತ 5 ಸೆಂಟಿಮೀಟರು ಕೆಳಗೆ ಕಾಣುತ್ತದೆ. ಹನ್ನೊಂದು ಚೌಕ ಕಂಡರೆ ಬಾವಿಯ ಆಳ ಅರ್ಧ ಮೀಟರನ್ನು ಮೀರಿತು.

ಕಾಣುತ್ತವೆಯೆ ಎಂಬುದೇ ಪ್ರಶ್ನೆ. ಬೆಳಕು ಒಂದು ಸುತ್ತು ಮುಗಿಸುವಷ್ಟರಲ್ಲಿ ಎರಡು ಕಡೆ ಸುಂಕ ತೆರುತ್ತದೆ. ತಳದ ಕನ್ನಡಿ ನೂರಕ್ಕೆ 90 ಪಾಲನ್ನೂ ಮೇಲಿನ ಗಾಜು 70 ಪಾಲನ್ನೂ ಹಿಂದಿರುಗಿಸುತ್ತವೆಯೆಂದು ಇಟ್ಟುಕೊಳ್ಳಿ. ಒಂದು ಸುತ್ತಿಗೆ ಉಳಿಯುವುದು 63 ಪಾಲು. ಐದು ಸುತ್ತಾಗುವ ಹೊತ್ತಿಗೆ, ಅಂದರೆ ಹನ್ನೊಂದನೆಯ ಚೌಕದಲ್ಲಿ, ಮೊದಲನೆಯದರ ಹತ್ತರಲ್ಲಿ ಒಂದು ಪಾಲು ಕಾಂತಿ. ಕತ್ತಲ ಕೋಣೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮೇಲಿನ ಗಾಜು 50 ಪಾಲನ್ನು ಮಾತ್ರ ಹಿಂದಿರುಗಿಸಿದರೆ ಅದೇ ಚೌಕಕ್ಕೆ ನೂರಕ್ಕೆ ಎರಡು ಪಾಲೂ ದಕ್ಕದು. ಏನನ್ನೂ ಲೇಪಿಸದ ಬರಿಯ ಗಾಜು ತನ್ನೆರಡು ಮೈಗಳಿಂದ ಸೇರಿ ಹಿಂದಿರುಗಿಸುವುದು ಸುಮಾರು 8 ಪಾಲು. ಆಗ ಮೂರನೆಯ ಚೌಕವೇ ಭೂತದಂತೆ ಮಸುಕು.

ನಮಗಾದದ್ದು ಇದೇ. ಗಾಜಿನಂಗಡಿಗೆ ಹೋಗಿ, ಕಪ್ಪಾದಷ್ಟೂ ಒಳ್ಳೆಯದೆಂದು ತಿಳಿದು, ಕಿಟಕಿಗೆ ಅಂಟಿಸುವ ಕಡುಗಪ್ಪು ಸನ್ ಕಂಟ್ರೋಲ್ ಫಿಲ್ಮನ್ನು ತಂದು ಅಂಟಿಸಿದೆವು. ಎರಡೇ ಚೌಕ ಕಂಡವು. ದೀಪ ಸಾಲದೆಂದು ಇನ್ನೊಂದು ಸುತ್ತು ಪಟ್ಟಿ ಕೂರಿಸಿದೆವು; ಕಣ್ಣು ಕುಕ್ಕಿತೇ ಹೊರತು ಬಾವಿ ಒಂದು ಮೆಟ್ಟಿಲೂ ಇಳಿಯಲಿಲ್ಲ. ಭೌತಶಾಸ್ತ್ರ ಓದುವ ನೆರೆಮನೆಯ ಹುಡುಗಿಯೊಬ್ಬಳು ಬಂದು ನೋಡಿ, “ಅಣ್ಣಾ, ಇದು ಬೆಳಕನ್ನು ನುಂಗುವ ಹಾಳೆ, ಹಿಂದಿರುಗಿಸುವ ಹಾಳೆಯಲ್ಲ” ಎಂದಳು. ದೀಪಗಳನ್ನು ಇಮ್ಮಡಿಸಿದರೆ ಎಲ್ಲ ಚೌಕಗಳೂ ಒಟ್ಟಿಗೇ ಇಮ್ಮಡಿಯಾಗುತ್ತವೆ. ಒಂದರಿಂದೊಂದಕ್ಕೆ ಇಳಿಯುವ ಪ್ರಮಾಣ ಬದಲಾಗುವುದಿಲ್ಲ. ಆಳವನ್ನು ನಿರ್ಧರಿಸುವುದು ಮೇಲಿನ ಗಾಜು. ಆದುದರಿಂದ ಮೊದಲು ಫಿಲ್ಮನ್ನು ಆರಿಸಿ, ದೀಪವನ್ನು ಕಡೆಗೆ ಕೊಳ್ಳತಕ್ಕದ್ದು. ಬೇಕಾದುದು ಬೆಳ್ಳಿಯಂತೆ ಹೊಳೆಯುವ ಫಿಲ್ಮು. ಅಂಗಡಿಯಲ್ಲಿ ತುಂಡೊಂದನ್ನು ಕೇಳಿ ಪಡೆದು ಮುಖದ ಮುಂದೆ ಹಿಡಿಯಿರಿ. ಮುಖ ಸ್ಪಷ್ಟವಾಗಿ ಕಂಡರೆ ಅದೇ ಸರಿ.

ಹಾಗೆಂದು ತೀರ ಬಲವಾದ ಪ್ರತಿಫಲನವೂ ತೊಡಕೇ. ನೂರಕ್ಕೆ 90 ಪಾಲು ಹಿಂದಿರುಗಿಸುವ ಗಾಜಿನಲ್ಲಿ ಹನ್ನೊಂದನೆಯ ಚೌಕಕ್ಕೆ ಮೊದಲನೆಯದರ ಮೂರನೆಯ ಒಂದು ಪಾಲು ಕಾಂತಿ ಉಳಿದೀತು, ಆದರೆ ಹೊರಬರುವ ಬೆಳಕೇ ಹತ್ತು ಪಾಲನ್ನು ಮೀರದು. ಹಗಲಿನ ಕೊಠಡಿಯಲ್ಲಿ ನೋಡುವವನಿಗೆ ತನ್ನ ಮುಖವೇ ಕಂಡೀತು. ಪ್ರದರ್ಶನದ ಕೊಠಡಿಗೆ ಕಿಟಕಿಗಳೆಷ್ಟು, ಪರದೆ ಉಂಟೆ ಎಂಬುದನ್ನು ನೋಡಿಬಂದು ಆಮೇಲೆ ಈ ಅಂಕಿಯನ್ನು ಗೊತ್ತುಮಾಡುವುದು ಲೇಸು.

ಫಿಲ್ಮನ್ನು ಸಾಬೂನು ನೀರು ಚಿಮುಕಿಸಿದ ಗಾಜಿನ ಮೇಲೆ ಹಾಸಿ, ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ಒತ್ತಿ ಗುಳ್ಳೆಗಳನ್ನು ಹೊರಡಿಸಬೇಕು. ಆ ಮೈ ಪೆಟ್ಟಿಗೆಯ ಒಳಕ್ಕಿರಲಿ, ಗೀರು ಬೀಳದು. ಮುಚ್ಚುವ ಮುನ್ನ ಕೈ ಗುರುತುಗಳನ್ನು ಒರಸಿರಿ. ನಮ್ಮಲ್ಲೊಬ್ಬನ ಹೆಬ್ಬೆಟ್ಟು ತಳದ ಕನ್ನಡಿಯ ಮೇಲೆ ಉಳಿದು, ಬಾವಿಯ ತಳದವರೆಗೂ ಸಹಿ ಹಾಕಿದಂತೆ ಕಾಣುತ್ತಿತ್ತು. ಎರಡು ಗಾಜುಗಳೂ ಸಮಾಂತರವಾಗಿರಬೇಕೆಂಬುದು ಇನ್ನೊಂದು ಮಾತು. ಒಂದು ಡಿಗ್ರಿ ವಾಲಿದರೂ ಪ್ರತಿ ಸುತ್ತಿಗೆ ಪ್ರತಿಬಿಂಬ ಎರಡು ಡಿಗ್ರಿ ತಿರುಗುತ್ತದೆ. ಐದು ಸುತ್ತಿಗೆ ಹತ್ತು ಡಿಗ್ರಿ. ನೇರವಾದ ಬಾವಿ ಬೇಡ, ಬಾಗುವ ಸುರಂಗ ಬೇಕೆನ್ನುವವರು ಬೇಕೆಂದೇ ವಾಲಿಸಬಹುದು. ಬಿಳಿಯ ದೀಪ ಹಾಕಿದರೆ ಕೆಳಗಿನ ಚೌಕಗಳು ಹಸುರುಗಟ್ಟುತ್ತವೆ. ಕ್ಷೌರದಂಗಡಿಯ ಹಸುರು ಮಬ್ಬಿನ ಗುಟ್ಟೂ ಇದೇ: ಸಾಮಾನ್ಯ ಗಾಜಿನಲ್ಲಿ ಕಬ್ಬಿಣದ ಅಂಶವಿದ್ದು, ಬೆಳಕು ಗಾಜಿನೊಳಗೆ ಹಾದಷ್ಟು ಸಲವೂ ಉಳಿದ ಬಣ್ಣಗಳು ಹಸುರಿಗಿಂತ ಹೆಚ್ಚು ಸವೆಯುತ್ತವೆ.

ವಿದ್ಯುತ್ತಿನ ಲೆಕ್ಕ ಸುಲಭ. ನಮ್ಮಂಥ ಇತಿಹಾಸದ ವಿದ್ಯಾರ್ಥಿಗಳಿಗೂ ಹೆದರಿಕೆ ಬೇಡ. ಪೇಟೆಯಲ್ಲಿ ಸಿಗುವ 12 ವೋಲ್ಟಿನ ಎಲ್‌ಇಡಿ ಪಟ್ಟಿಗಳಲ್ಲಿ ಮೀಟರಿಗೆ 60 ದೀಪಗಳಿರುವ ಬಗೆಯೊಂದುಂಟು. ಬಿಳಿಯ ದೀಪವೊಂದಕ್ಕೆ ಸುಮಾರು 3 ವೋಲ್ಟ್ ಬೇಕು. ಮೂರು ದೀಪಗಳನ್ನು ಸಾಲಾಗಿ ಜೋಡಿಸಿದರೆ 9. ಮಿಕ್ಕ 3 ವೋಲ್ಟನ್ನು ಜೊತೆಗಿರುವ ಪುಟ್ಟ ರೋಧಕ ಹೊರುತ್ತದೆ. ಈ ಕಾರಣದಿಂದಲೇ ಪಟ್ಟಿಯನ್ನು ಮೂರು ಮೂರು ದೀಪಗಳಿಗೊಮ್ಮೆ, ಗುರುತಿರುವಲ್ಲಿ ಮಾತ್ರ, ಕತ್ತರಿಸಬೇಕು. ಒಳಬದಿ 30 ಸೆಂಟಿಮೀಟರಿನ ಚೌಕಕ್ಕೆ ನಾಲ್ಕು ಬದಿಗೂ ಸೇರಿ 120 ಸೆಂಟಿಮೀಟರು: 72 ದೀಪ, 24 ಗುಂಪು. ಗುಂಪಿಗೆ 20 ಮಿಲಿಆಂಪಿಯರಿನಂತೆ ಒಟ್ಟು ಅರ್ಧ ಆಂಪಿಯರಿಗೂ ಸ್ವಲ್ಪ ಕಡಮೆ. 12 ವೋಲ್ಟ್, 1 ಆಂಪಿಯರಿನ ಅಡಾಪ್ಟರ್ ಧಾರಾಳವಾಯಿತು. ಗಣೇಶನ ಹಬ್ಬಕ್ಕೆ ತಂದ ಸೀರಿಯಲ್ ಸೆಟ್ಟು ಮನೆಯಲ್ಲಿದೆಯಲ್ಲ, ಅದನ್ನೇ ಹಾಕೋಣವೆಂದು ಗೆಳೆಯನೊಬ್ಬ ಹಟ ಹಿಡಿದಿದ್ದ. ನಾವು ಒಪ್ಪಲಿಲ್ಲ. ಅಂಥ ಸೆಟ್ಟುಗಳಲ್ಲಿ ಅನೇಕವು ಮನೆಯ 230 ವೋಲ್ಟಿಗೆ ನೇರವಾಗಿ ಸೇರುವಂಥವು. ತಂತಿಯ ಹೊದಿಕೆ ಸವೆದಲ್ಲಿ ಕೈ ತಾಗಿದರೆ ಪ್ರಾಣಕ್ಕೇ ಅಪಾಯ. ಹತ್ತಾರು ಮಕ್ಕಳು ಮುಟ್ಟುವ ವಸ್ತುವಿನೊಳಗೆ 12 ವೋಲ್ಟಿಗಿಂತ ಹೆಚ್ಚಿನದು ಹೋಗಕೂಡದು. ಅಡಾಪ್ಟರ್ ಪೆಟ್ಟಿಗೆಯ ಹೊರಗೇ ಇರಲಿ.

ವಾರ್ಷಿಕೋತ್ಸವದ ದಿನ ಪೆಟ್ಟಿಗೆಯನ್ನು ಮೆಟ್ಟಿಲ ಕೆಳಗಿನ ಕತ್ತಲ ಮೂಲೆಯಲ್ಲಿ, ನೆಲದ ಮೇಲೆ, ಸುತ್ತ ಹಗ್ಗ ಕಟ್ಟಿ ಇರಿಸಿದೆವು. ಹದಿಮೂರು ಚೌಕಗಳವರೆಗೆ ಎಣಿಸಬಹುದಾಗಿತ್ತು. ತಾಯಿಯ ಕೈ ಹಿಡಿದು ಬಂದ ಹುಡುಗನೊಬ್ಬ ಅಂಚಿನವರೆಗೆ ಬಂದು ಹಿಂಜರಿದ. ನೆಲದಲ್ಲಿ ಹಳ್ಳ ತೋಡಿದ್ದಾರೆಂದೇ ಅವನ ನಂಬಿಕೆ. ಪೆಟ್ಟಿಗೆಯನ್ನು ಎತ್ತಿ ಕೆಳಗಿನ ಸಿಮೆಂಟು ನೆಲವನ್ನು ತೋರಿಸಿದ ಮೇಲೆಯೇ ಅವನು ಬಗ್ಗಿ ನೋಡಿದ್ದು.